ಮನೇಲಿ ಮೂರು ಕಾರ್ಡು, ಆಸ್ಪತ್ರೆ ಕೌಂಟರ್‌ನಲ್ಲಿ ಎಷ್ಟು? ಬಾಗಲಕೋಟೆ ಸೀಮೆಯ ಮನೆಯೊಂದರ ಆರೋಗ್ಯ ವಿಮೆ ಲೆಕ್ಕ

ಇಳಕಲ್‌ನ ಒಂದು ಮನೆ ಅಂದುಕೊಳ್ಳಿ. ನಿಜದ ಮನೆಯಲ್ಲ, ಲೆಕ್ಕಕ್ಕಾಗಿ ಕಟ್ಟಿಕೊಂಡದ್ದು. ಆದರೆ ಹುನಗುಂದ, ಬಾದಾಮಿ, ಗುಳೇದಗುಡ್ಡದಲ್ಲಿ ಇಂಥ ಮನೆ ಹುಡುಕೋಕೆ ಬಹಳ ತಿರುಗಬೇಕಿಲ್ಲ. ಅವ್ವ ಕುಣಿಮಗ್ಗದಲ್ಲಿ ಸೀರೆ ನೇಯುತ್ತಾಳೆ, ನೇಕಾರರ ಸಹಕಾರ ಸಂಘದ ಸದಸ್ಯೆ. ಅಪ್ಪ ಗ್ರಾನೈಟ್ ಕ್ವಾರಿಯಲ್ಲಿ ದುಡಿದು ಈಗ ಕೆಮ್ಮು ಹತ್ತಿ ಮನೆ ಹಿಡಿದಿದ್ದಾನೆ. ಸೋದರಮಾವ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿನ ಕೆಲಸಗಾರ. ಮಗ ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋಗಿದ್ದಾನೆ, ಸಂಬಳ ತಿಂಗಳಿಗೆ 31,000 ರೂಪಾಯಿ.

ಈ ಮನೆಯ ಕಪಾಟಿನಲ್ಲಿ ಬಿಪಿಎಲ್ ರೇಷನ್ ಕಾರ್ಡ್ ಇದೆ, ಅದರ ಮೇಲೆ ಆಯುಷ್ಮಾನ್ ಕಾರ್ಡ್ ಇದೆ, ಅವ್ವನ ಹೆಸರಲ್ಲಿ ಯಶಸ್ವಿನಿ ಕಾರ್ಡ್ ಇದೆ, ಮಗನ ಕಂಪನಿ ಕೊಟ್ಟ ಗುಂಪು ವಿಮೆಯ ಇ-ಕಾರ್ಡ್ ಫೋನಿನಲ್ಲಿದೆ. ನೋಡಿದವರು ಹೇಳೋದು ಒಂದೇ ಮಾತು: "ನಿಮಗೇನ್ರಿ ಚಿಂತಿ, 5 ಲಕ್ಷ ಅಲ್ಲೈತಿ, 5 ಲಕ್ಷ ಇಲ್ಲೈತಿ."

ಹಾಗಿಲ್ಲ. ನಮ್ಮಲ್ಲಿ ಯೋಜನೆಗಳು ಒಂದರ ಮೇಲೊಂದು ಕೂಡುವುದಕ್ಕಿಂತ ಒಂದನ್ನೊಂದು ಕಳೆಯುವುದೇ ಹೆಚ್ಚು. ಆ ಮಗನ 31,000 ರೂಪಾಯಿಯ ಪೇ ಸ್ಲಿಪ್ ಏನೇನು ಮಾಡುತ್ತದೆ ನೋಡಿ. 21,000 ದಾಟಿದ್ದರಿಂದ ಅವನು ಇಎಸ್‌ಐ ಒಳಗೆ ಬರುವುದಿಲ್ಲ. ಯಶಸ್ವಿನಿಯ ನಿಯಮದಂತೆ ಕುಟುಂಬದಲ್ಲಿ ಯಾರಾದರೂ ಖಾಸಗಿ ಕಂಪನಿಯಲ್ಲಿ ತಿಂಗಳಿಗೆ 30,000 ಅಥವಾ ಅದಕ್ಕಿಂತ ಹೆಚ್ಚು ಪಡೆಯುತ್ತಿದ್ದರೆ, ಇಲ್ಲವೇ ಬೇರೆ ಆರೋಗ್ಯ ವಿಮೆಗೆ ಒಳಪಟ್ಟಿದ್ದರೆ ಆ ಕುಟುಂಬ ಸದಸ್ಯತ್ವಕ್ಕೆ ಅರ್ಹವಲ್ಲ. ಬಿಪಿಎಲ್ ಕಾರ್ಡಿಗೆ ವಾರ್ಷಿಕ ಆದಾಯದ ಮಿತಿ 1.2 ಲಕ್ಷ, ಅವನ ಹೆಸರು ಅದೇ ಕಾರ್ಡಿನಲ್ಲಿದ್ದರೆ ಅದೂ ಅಲುಗಾಡುತ್ತದೆ. ಉಳಿಯುವುದು ಕಂಪನಿಯ ಗುಂಪು ವಿಮೆ. ಕಂಪನಿ ಅವನನ್ನು ತೆಗೆದರೆ ಆ ದಿನಕ್ಕೇ ಅದೂ ಮುಗಿಯುತ್ತದೆ. ಒಬ್ಬನಿಗೆ ಕೆಲಸ ಸಿಕ್ಕಿದ್ದಕ್ಕೆ ನಾಲ್ಕು ಜನರ ರಕ್ಷಣೆ ಒಂದೇ ಹಗ್ಗಕ್ಕೆ ಜೋತುಬಿದ್ದಂತಾಯಿತು.

ಇದನ್ನು ಬಿಡಿಸಿ ನೋಡೋಣ. ಮೊದಲು ಸರ್ಕಾರದ್ದು, ಆಮೇಲೆ ಕಾರ್ಖಾನೆಯದ್ದು, ಆಮೇಲೆ ಖಾಸಗಿ ಪಾಲಿಸಿ, ಕೊನೆಗೆ ಎರಡು ಮೂರು ಒಟ್ಟಿಗೆ ಇದ್ದಾಗ ಏನು ಮಾಡಬೇಕು ಅನ್ನೋದು.

ರೇಷನ್ ಕಾರ್ಡೇ ಪಾಲಿಸಿ

ರಾಜ್ಯದ 'ಆರೋಗ್ಯ ಕರ್ನಾಟಕ' 2018ರ ಮಾರ್ಚ್‌ನಲ್ಲಿ ಶುರುವಾಯಿತು. ಅದೇ ವರ್ಷ ಸೆಪ್ಟೆಂಬರ್ 23ಕ್ಕೆ ಕೇಂದ್ರದ ಆಯುಷ್ಮಾನ್ ಭಾರತ್ ಬಂತು. ಎರಡನ್ನೂ ಸೇರಿಸಿ 2018ರ ಅಕ್ಟೋಬರ್ ಕೊನೆಗೆ 'ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ' ಆಯಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಇಲ್ಲಿ ವಿಮಾ ಕಂಪನಿ ಇಲ್ಲ, ಪ್ರೀಮಿಯಂ ಇಲ್ಲ. ಸರ್ಕಾರ ಟ್ರಸ್ಟ್ ಮೂಲಕ ಆಸ್ಪತ್ರೆಗೆ ನೇರ ದುಡ್ಡು ಕೊಡುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಅಂದ್ರೆ 1 ಲಕ್ಷದ ಪ್ಯಾಕೇಜ್ ಇದ್ದರೆ ಬಿಪಿಎಲ್ ಮನೆಗೆ ಖರ್ಚು ಸೊನ್ನೆ, ಎಪಿಎಲ್ ಮನೆಗೆ 70,000. ಕಾರ್ಡಿನ ಬಣ್ಣ ಬದಲಾದರೆ ಅಕ್ಕಿ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅದರ ಜೊತೆ ಆಸ್ಪತ್ರೆಯೂ ಹೋಗುತ್ತದೆ ಅನ್ನೋದು ಮಂಚದ ಮೇಲೆ ಮಲಗಿದ ಮೇಲೆ ತಿಳಿಯುತ್ತದೆ. 2024ರ ನವೆಂಬರ್‌ನಲ್ಲಿ ರಾಜ್ಯಾದ್ಯಂತ ಬಿಪಿಎಲ್ ಕಾರ್ಡುಗಳನ್ನು ಎಪಿಎಲ್‌ಗೆ ತಳ್ಳಿದಾಗ ದೊಡ್ಡ ಗದ್ದಲವಾಯಿತು. ತೆರಿಗೆ ಕಟ್ಟುವವರು, ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸುತ್ತೇವೆ ಅಂತ ಸರ್ಕಾರ ಹೇಳಬೇಕಾಯಿತು. ಆ ಚರ್ಚೆ ಪೂರ್ತಿ ಅಕ್ಕಿಯ ಸುತ್ತಲೇ ತಿರುಗಿತು. ಟಿವಿ ಸ್ಟುಡಿಯೋಗಳಲ್ಲಿ ಡಯಾಲಿಸಿಸ್ ಬಗ್ಗೆ ಯಾರೂ ಕೇಳಲಿಲ್ಲ.

ಈ ಯೋಜನೆಯ ದೊಡ್ಡ ಗುಣ ಏನಂದ್ರೆ ಹಳೆಯ ಕಾಯಿಲೆ ಅನ್ನೋ ಪ್ರಶ್ನೆಯೇ ಇಲ್ಲ. ನಿಮಗೆ 10 ವರ್ಷದಿಂದ ಶುಗರ್ ಇರಲಿ, ಕಾರ್ಡ್ ಬಂದ ದಿನದಿಂದಲೇ ಚಿಕಿತ್ಸೆ. ಯಾವ ಖಾಸಗಿ ಪಾಲಿಸಿಯೂ ಬಡವರಿಗೆ ಇಷ್ಟು ಸುಲಭವಾಗಿ ಬಾಗಿಲು ತೆಗೆಯುವುದಿಲ್ಲ.

ಹೊರಗಿಡುವಿಕೆ ಇರುವುದು ಬೇರೆ ಕಡೆ, ಎರಡು ಜಾಗದಲ್ಲಿ. ಒಂದು, ಹೊರರೋಗಿ ಚಿಕಿತ್ಸೆ. ದಾಖಲಾಗದೆ ಡಾಕ್ಟರ ಹತ್ತಿರ ತೋರಿಸಿ ಮಾತ್ರೆ ತಂದರೆ ಈ ಕಾರ್ಡು ಲೆಕ್ಕಕ್ಕಿಲ್ಲ. ಬಿಪಿ, ಶುಗರ್, ಉಬ್ಬಸದ ತಿಂಗಳ ಮಾತ್ರೆ, ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಎಲ್ಲ ಕೈಯಿಂದಲೇ, ಇಲ್ಲವೇ ಸರ್ಕಾರಿ ಆಸ್ಪತ್ರೆಯಲ್ಲಿ ಸಿಕ್ಕಷ್ಟು. ಇನ್ನೊಂದು, ದಾರಿ. ಯೋಜನೆಯ 1,650 ಚಿಕಿತ್ಸೆಗಳನ್ನು ಸರಳ ದ್ವಿತೀಯ ಹಂತ (291), ಸಂಕೀರ್ಣ ದ್ವಿತೀಯ ಹಂತ (254), ತೃತೀಯ ಹಂತ (900), ತುರ್ತು (169) ಮತ್ತು ಉಪಚಿಕಿತ್ಸೆಗಳು (36) ಅಂತ ವಿಂಗಡಿಸಿದ್ದಾರೆ. ತುರ್ತು ಪಟ್ಟಿಯಲ್ಲಿರುವ 169ಕ್ಕೆ ಮಾತ್ರ ನೇರವಾಗಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಉಳಿದದ್ದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗುವುದಿಲ್ಲ ಅಂತ ರೆಫರಲ್ ಬರೆದುಕೊಟ್ಟ ಮೇಲೆ ಖಾಸಗಿ.

ಇಳಕಲ್‌ನವರು ಎದೆನೋವು ಅಂತ ಬಾಗಲಕೋಟೆಗೆ ಓಡಿದರೆ ಅದು ತುರ್ತು. ಆದರೆ ಆರು ತಿಂಗಳಿಂದ ಕಾಡುತ್ತಿರುವ ಹರ್ನಿಯಾಕ್ಕೆ ಸೀದಾ ನವನಗರದ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾಗಿಬಿಟ್ಟರೆ, ಆಮೇಲೆ ಕಾರ್ಡ್ ತೋರಿಸಿ ಪ್ರಯೋಜನ ಇಲ್ಲ. ಇದು ನಗದುರಹಿತ ಯೋಜನೆ, ಮೊದಲು ಕಟ್ಟಿ ಆಮೇಲೆ ವಾಪಸ್ ಪಡೆಯುವ ಪದ್ಧತಿ ಇಲ್ಲಿಲ್ಲ. ಕಾರ್ಡ್ ತೋರಿಸಬೇಕಾದ್ದು ದಾಖಲಾಗುವಾಗ, ಡಿಸ್ಚಾರ್ಜ್ ಆಗುವಾಗ ಅಲ್ಲ. ಪ್ರತಿ ನೋಂದಾಯಿತ ಆಸ್ಪತ್ರೆಯಲ್ಲಿ 'ಆರೋಗ್ಯಮಿತ್ರ' ಅಂತ ಒಬ್ಬರು ಇರಬೇಕು. ಬಿಲ್ಲಿಂಗ್ ಕೌಂಟರ್‌ಗಿಂತ ಮೊದಲು ಅವರನ್ನು ಹುಡುಕಿ. ಸಿಗದಿದ್ದರೆ 104ಕ್ಕೆ ಫೋನ್ ಮಾಡಿ. ಕೇಂದ್ರದ ಸಹಾಯವಾಣಿ 14555. ಮೀರಜ್, ಸೊಲ್ಲಾಪುರದ ಕಡೆ ಹೋಗುವ ರೂಢಿ ನಮ್ಮ ಭಾಗದಲ್ಲಿದೆಯಲ್ಲ, ಅಲ್ಲಿಗೆ ಹೊರಡುವ ಮುನ್ನವೂ ಇದೇ ನಂಬರಿಗೆ ಕೇಳಿಕೊಂಡು ಹೋಗಿ.

ಪ್ಯಾಕೇಜ್ ದರದಲ್ಲಿ ಹಾಸಿಗೆ, ಔಷಧ, ಶಸ್ತ್ರಚಿಕಿತ್ಸೆ, ಊಟ ಎಲ್ಲ ಸೇರಿದೆ. ಬಿಪಿಎಲ್ ರೋಗಿಯಿಂದ "ಇದೊಂದು ಹೊರಗಿನಿಂದ ತರ್ರಿ" ಅಂತ ಹಣ ಹಾಕಿಸುವುದು ನಿಯಮದ ಉಲ್ಲಂಘನೆ. ಹಾಗೆ ತರಿಸಿದರೆ ಚೀಟಿ ಮತ್ತು ರಸೀದಿ ಎರಡನ್ನೂ ಇಟ್ಟುಕೊಳ್ಳಿ, ದೂರಿಗೆ ಅದೇ ಆಧಾರ.

ಯಶಸ್ವಿನಿ: ನಿಂತು, ಮತ್ತೆ ಎದ್ದ ಯೋಜನೆ

ಸಹಕಾರ ಸಂಘದ ಸದಸ್ಯರಿಗಾಗಿ 2003ರ ಜೂನ್‌ನಲ್ಲಿ ಜಾರಿಗೆ ಬಂದ ಯಶಸ್ವಿನಿಯನ್ನು 2018ರ ಮೇ ಕೊನೆಗೆ ಆರೋಗ್ಯ ಕರ್ನಾಟಕದ ಹೆಸರಲ್ಲಿ ನಿಲ್ಲಿಸಲಾಯಿತು. ನಾಲ್ಕೂವರೆ ವರ್ಷ ಕಳೆದ ಮೇಲೆ, 2023ರ ಜನವರಿ 1ರಿಂದ ಮತ್ತೆ ಶುರು. ಗ್ರಾಮೀಣ ಕುಟುಂಬಕ್ಕೆ ನಾಲ್ವರವರೆಗೆ 500 ರೂಪಾಯಿ, ನಗರದವರಿಗೆ 1,000. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆ ಸರ್ಕಾರದ್ದು. ಮಿತಿ ಇಲ್ಲೂ ಕುಟುಂಬಕ್ಕೆ 5 ಲಕ್ಷ.

ಈ ಯೋಜನೆ ನಿಜಕ್ಕೂ ಬೇಕಾದ್ದು ಯಾರಿಗೆ ಅಂದ್ರೆ ಎಪಿಎಲ್ ಕಾರ್ಡಿನ ಸಣ್ಣ ರೈತರಿಗೆ, ನೇಕಾರರಿಗೆ. ಶೇ 30ರ ಜಾಗದಲ್ಲಿ ಪ್ಯಾಕೇಜಿನ ಪೂರ್ತಿ ಮೊತ್ತ ಸಿಗುತ್ತದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಒಂದೇ ಶಸ್ತ್ರಚಿಕಿತ್ಸೆಗೆ ಎರಡೂ ಕಡೆಯಿಂದ ಹಣ ಬರುವುದಿಲ್ಲ. ಹಾಗಂತ ಎರಡನೆಯದು ವ್ಯರ್ಥವೂ ಅಲ್ಲ. ಒಂದು ಆಸ್ಪತ್ರೆ ಒಂದರಲ್ಲಿ ನೋಂದಾಯಿಸಿ ಇನ್ನೊಂದರಲ್ಲಿ ಇಲ್ಲದಿರಬಹುದು. ಗಮನಿಸಬೇಕಾದ್ದು ಎರಡು: ನೋಂದಣಿಯ ಬಾಗಿಲು ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತದೆ, ಮತ್ತು ಸಂಘದ ಸದಸ್ಯತ್ವಕ್ಕೆ ಕನಿಷ್ಠ ಮೂರು ತಿಂಗಳು ಆಗಿರಬೇಕು. ಕಾಯಿಲೆ ಬಂದ ಮೇಲೆ ಸಂಘಕ್ಕೆ ಸೇರಿ ಕಾರ್ಡ್ ಮಾಡಿಸೋದು ಆಗೋದಿಲ್ಲ. ಮಗನ ಸಂಬಳದ ನಿಯಮ ಮೇಲೆ ಹೇಳಿದೆ. ನೋಂದಣಿ ಮಾಡುವ ಕಾರ್ಯದರ್ಶಿ ಅದನ್ನು ಕೇಳದೆ ಫಾರ್ಮ್ ತುಂಬಿಸಿಕೊಂಡರೂ, ಕ್ಲೇಮಿನ ಹೊತ್ತಿಗೆ ಅದು ಎದ್ದು ಕೂರಬಹುದು.

ನೇಕಾರರ ವಿಷಯ ಬಂದಾಗ ಒಂದು ಹಳೆಯ ಕಥೆ ಹೇಳಲೇಬೇಕು. 2005ರಲ್ಲಿ ಕೇಂದ್ರ ಜವಳಿ ಸಚಿವಾಲಯ ಕೈಮಗ್ಗ ನೇಕಾರರಿಗೆ ಐಸಿಐಸಿಐ ಲೊಂಬಾರ್ಡ್ ಮೂಲಕ ಒಂದು ಆರೋಗ್ಯ ವಿಮೆ ತಂದಿತ್ತು. ಮೊತ್ತ ಕುಟುಂಬಕ್ಕೆ ಬರೀ 15,000. ಇವತ್ತಿನ 5 ಲಕ್ಷದ ಮುಂದೆ ನಗು ಬರುವಂಥದ್ದು. ಆದರೆ ಅದರಲ್ಲಿ 7,500 ಹೊರರೋಗಿ ಚಿಕಿತ್ಸೆಗಿತ್ತು, ಹಳೆಯ ಕಾಯಿಲೆಗೂ ಅನ್ವಯಿಸುತ್ತಿತ್ತು. ಕುಣಿಯಲ್ಲಿ ಕಾಲಿಟ್ಟು ದಿನವಿಡೀ ಬಾಗಿ ಕೂತವರಿಗೆ ಬರುವುದು ಬೆನ್ನುನೋವು, ಮಂಡಿನೋವು, ಕಣ್ಣಿನ ತೊಂದರೆ, ನೂಲಿನ ಧೂಳಿನ ಕೆಮ್ಮು. ಇವುಗಳಿಗೆ ಯಾರೂ ದಾಖಲಾಗುವುದಿಲ್ಲ, ಮಾತ್ರೆ ತಿಂದು ಮತ್ತೆ ಮಗ್ಗಕ್ಕೆ ಇಳಿಯುತ್ತಾರೆ. 5 ಲಕ್ಷದ ಕಾರ್ಡು ಈ ಮಾತ್ರೆಗೆ ಒಂದು ಪೈಸೆ ಕೊಡುವುದಿಲ್ಲ. ಚುನಾವಣಾ ಭಾಷಣದಲ್ಲಿ 5 ಲಕ್ಷ ಅಂತ ಕೇಳೋಕೆ ಚೆನ್ನಾಗಿರುತ್ತದೆ, 7,500ರ ಔಷಧ ಅಂದ್ರೆ ಚಪ್ಪಾಳೆ ಬೀಳಲ್ಲ. ಅಷ್ಟೇ ವ್ಯತ್ಯಾಸ.

ಯಾರು ಕಾರ್ಮಿಕ, ಯಾರಲ್ಲ

ಇಎಸ್‌ಐ ದೇಶದಲ್ಲೇ ಅತ್ಯಂತ ಉದಾರವಾದ ವ್ಯವಸ್ಥೆ. 21,000 ರೂಪಾಯಿವರೆಗೆ ಸಂಬಳ ಇರುವವರಿಂದ ಶೇ 0.75, ಮಾಲೀಕರಿಂದ ಶೇ 3.25. ಹೊರರೋಗಿ ಚಿಕಿತ್ಸೆ, ಔಷಧ, ದಾಖಲಾತಿ, ರಜೆಯ ದಿನಗಳ ಭತ್ಯೆ, ಅವಲಂಬಿತ ತಂದೆತಾಯಿಯ ಚಿಕಿತ್ಸೆ ಎಲ್ಲ ಇದೆ. ಹಳೆಯ ಕಾಯಿಲೆಯ ಕಾಯುವಿಕೆ ಇಲ್ಲ. ಪ್ರಶ್ನೆ ಇರೋದು ಬಾಗಿಲಲ್ಲಿ.

1948ರ ಇಎಸ್‌ಐ ಕಾಯ್ದೆ ಹಂಗಾಮಿನ ಕಾರ್ಖಾನೆಗಳನ್ನು ಹೊರಗಿಟ್ಟಿತ್ತು. ಆ ವ್ಯಾಖ್ಯೆಯಲ್ಲಿ ಸಕ್ಕರೆ ಮತ್ತು ಬೆಲ್ಲದ ತಯಾರಿಕೆ, ಹತ್ತಿ ಜಿನ್ನಿಂಗ್, ಶೇಂಗಾ ಸುಲಿಯುವುದು ಹೆಸರಿಟ್ಟು ಸೇರಿದ್ದವು. ಓದಿದರೆ ಬಾಗಲಕೋಟೆ ಜಿಲ್ಲೆಯ ಉದ್ಯೋಗ ಪಟ್ಟಿ ಓದಿದಂತಾಗುತ್ತದೆ! ಮುಧೋಳ, ಜಮಖಂಡಿ, ಬಾದಾಮಿ ಕಡೆಯ ಕಬ್ಬು ನುರಿಯುವ ಕೆಲಸಗಾರನಿಗೆ ಅಲ್ಲಿ ಜಾಗ ಇರಲಿಲ್ಲ. ಅದೇ ಕಾಯ್ದೆಯಲ್ಲಿ 'ಕಾರ್ಖಾನೆ' ಅಂದ್ರೆ ಗಣಿ ಕಾಯ್ದೆಗೆ ಒಳಪಟ್ಟ ಗಣಿ ಅಲ್ಲ ಅಂತಲೂ ಇತ್ತು. ಹಾಗಾಗಿ ಇಳಕಲ್ ಗ್ರಾನೈಟನ್ನು ಪಾಲಿಶ್ ಮಾಡುವ ಘಟಕದ ಕೆಲಸಗಾರ ಒಳಗೆ, ಅದೇ ಕಲ್ಲನ್ನು ಕ್ವಾರಿಯಲ್ಲಿ ಕೊರೆಯುವವನು ಹೊರಗೆ. ಮನೆಯಲ್ಲೇ ಮಗ್ಗ ಇಟ್ಟುಕೊಂಡು ಸಾಹುಕಾರರಿಗೆ ನೇಯುವ ಅವ್ವ ಕಾಗದದ ಮೇಲೆ ಯಾರ ಕೆಲಸಗಾರಳೂ ಅಲ್ಲ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಇದನ್ನು ಅರ್ಧ ಬದಲಿಸಿದೆ. 10 ಅಥವಾ ಹೆಚ್ಚು ಜನ ಇರುವ 'ಸಂಸ್ಥೆ'ಗಳಿಗೆ ಇಎಸ್‌ಐ, ಮತ್ತು ಸಂಸ್ಥೆ ಅನ್ನುವ ವ್ಯಾಖ್ಯೆಯಲ್ಲಿ ಗಣಿಯೂ ಇದೆ. ಹಂಗಾಮಿನ ಕಾರ್ಖಾನೆ ಮಾತ್ರ ಮತ್ತೆ ಹೊರಗೇ. ಕ್ವಾರಿಯಲ್ಲಿ ಕೆಲಸ ಮಾಡುವವರು ನಿಮ್ಮ ಮನೆಯಲ್ಲಿದ್ದರೆ, "ನಮ್ಮ ಇಎಸ್‌ಐ ನಂಬರ್ ಎಲ್ಲಿ?" ಅಂತ ಈಗ ಕೇಳಬೇಕಾದ ಪ್ರಶ್ನೆ.

ಅಪ್ಪನ ಕೆಮ್ಮಿಗೆ ಬರೋಣ. ಗ್ರಾನೈಟಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ವರ್ಷಗಟ್ಟಲೆ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್, ಗುಣವಾಗದ ರೋಗ. ಹಲವು ಕಡೆ ಇದನ್ನು ಟಿಬಿ ಅಂತ ತಪ್ಪಾಗಿ ಗುರುತಿಸುವುದುಂಟು. ವಿಮೆಯ ದೃಷ್ಟಿಯಿಂದ ಈ ಒಂದು ಪದದಲ್ಲಿ ಎಲ್ಲ ಇದೆ. ಟಿಬಿ ಅಂತ ಬರೆದರೆ ಅದು ಅವನ ರೋಗ. ಸಿಲಿಕೋಸಿಸ್ ಅಂತ ಬರೆದರೆ ಅದು ಕೆಲಸದ ರೋಗ: ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ, ಮಾಲೀಕರು ಪರಿಹಾರ ಕೊಡಬೇಕು. ಇಎಸ್‌ಐ ಇದ್ದರೆ ಪರಿಹಾರ ಇಎಸ್‌ಐನಿಂದ ಮಾತ್ರ, ಇಲ್ಲದಿದ್ದರೆ ನೌಕರರ ಪರಿಹಾರದ ಕಾನೂನಿನಡಿ ಮಾಲೀಕನಿಂದ. ಎರಡೂ ಕಡೆ ಕೇಳಲು ಕಾನೂನು ಬಿಡುವುದಿಲ್ಲ. ಡಾಕ್ಟರಿಗೆ "ನಾನು ಇಷ್ಟು ವರ್ಷ ಕ್ವಾರಿಯಲ್ಲಿ ಡ್ರಿಲ್ ಹೊಡೆದಿದ್ದೀನಿ" ಅಂತ ಹೇಳಿ, ಅದನ್ನು ಕೇಸ್ ಶೀಟಿನಲ್ಲಿ ಬರೆಸಿ.

ಖಾಸಗಿ ಪಾಲಿಸಿಯ ಸಣ್ಣ ಅಕ್ಷರ

2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಐಆರ್‌ಡಿಎಐ, ಹೊರಗಿಡುವಿಕೆಗಳ ಭಾಷೆಯನ್ನು ಎಲ್ಲ ಕಂಪನಿಗಳಿಗೂ ಒಂದೇ ಮಾಡಿ ನಂಬರ್ ಕೊಟ್ಟಿತು. ಪಾಲಿಸಿ ಪುಸ್ತಕದಲ್ಲಿ 'ಎಕ್ಸ್‌ಕ್ಲೂಷನ್ 01'ರಿಂದ '18'ರವರೆಗೆ ಕಾಣುತ್ತದಲ್ಲ, ಅದೇ. ಸೌಂದರ್ಯ ಚಿಕಿತ್ಸೆ, ಸಾಹಸ ಕ್ರೀಡೆ, ಬಂಜೆತನದ ಚಿಕಿತ್ಸೆ, ಹೆರಿಗೆ, ಬರೀ ಪರೀಕ್ಷೆಗಾಗಿ ದಾಖಲಾಗುವುದು ಹೀಗೆ ಪಟ್ಟಿ ಉದ್ದ ಇದೆ. ಆದರೆ ನಮ್ಮ ಜನರ ಕ್ಲೇಮ್ ಬೀಳುವುದು ಹೆಚ್ಚಾಗಿ ಮೊದಲ ಮೂರರಲ್ಲಿ.

01 ಅಂದ್ರೆ ಹಳೆಯ ಕಾಯಿಲೆ. ಪಾಲಿಸಿ ತಗೊಳ್ಳುವ ಹಿಂದಿನ 36 ತಿಂಗಳಲ್ಲಿ ಡಾಕ್ಟರ್ ಗುರುತಿಸಿದ ಅಥವಾ ಚಿಕಿತ್ಸೆ ಕೊಟ್ಟ ಕಾಯಿಲೆ. ಅದಕ್ಕೆ ಕಾಯುವ ಅವಧಿ ಮೊದಲು 48 ತಿಂಗಳವರೆಗೆ ಇತ್ತು, 2024ರ ಏಪ್ರಿಲ್‌ನಿಂದ ಗರಿಷ್ಠ 36. 02 ಅಂದ್ರೆ ಹೆಸರಿಸಿದ ಕಾಯಿಲೆಗಳು: ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಕಿಡ್ನಿ ಕಲ್ಲು, ಮಂಡಿ ಬದಲಾವಣೆ ಇಂಥವು. ನಿಮಗೆ ಮೊದಲೇ ಇತ್ತೋ ಇಲ್ಲವೋ, ಕಾಯಲೇಬೇಕು. ಇದಕ್ಕೂ ಮೇಲ್ಮಿತಿ 36 ತಿಂಗಳು. 03 ಅಂದ್ರೆ ಮೊದಲ 30 ದಿನ, ಅಪಘಾತ ಬಿಟ್ಟು ಏನೂ ಇಲ್ಲ.

ಏಜೆಂಟ್ "ಬಿಪಿ ಇದೆ ಅಂತ ಬರಿಬ್ಯಾಡ್ರಿ, ಪ್ರೀಮಿಯಂ ಜಾಸ್ತಿ ಆಗ್ತದ" ಅಂದರೆ ಕೇಳಬೇಡಿ. ಹೇಳಿ ತಗೊಂಡರೆ ಮೂರು ವರ್ಷ ಕಾಯುವುದು. ಮುಚ್ಚಿಟ್ಟರೆ ಕ್ಲೇಮೂ ಹೋಗುತ್ತದೆ, ಪಾಲಿಸಿಯೂ ಹೋಗಬಹುದು. ಸತತ 60 ತಿಂಗಳು ಪ್ರೀಮಿಯಂ ಕಟ್ಟಿದ ಮೇಲೆ, ವಂಚನೆ ಸಾಬೀತಾದರೆ ಹೊರತು, ಮುಚ್ಚಿಟ್ಟಿದ್ದೀರಿ ಅನ್ನೋ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ಇದು ಮೊದಲು 96 ತಿಂಗಳಿತ್ತು.

ಇನ್ನೊಂದು ಹೊಡೆತ ಪಟ್ಟಿಯಲ್ಲೇ ಇರುವುದಿಲ್ಲ: ಕೋಣೆ ಬಾಡಿಗೆ. 3 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ 1 ಅಂತಿದ್ದರೆ 3,000ದ ಕೋಣೆ. ನೀವು 6,000ದ ಕೋಣೆ ಹಿಡಿದರೆ ಹೋಗುವುದು 3,000ದ ವ್ಯತ್ಯಾಸ ಮಾತ್ರ ಅಂತ ಅಂದುಕೊಳ್ಳುತ್ತೀರಿ. ಅಲ್ಲ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್ ಎಲ್ಲವೂ ಅದೇ ಅನುಪಾತದಲ್ಲಿ ಅರ್ಧಕ್ಕೆ ಇಳಿಯುತ್ತವೆ. ಔಷಧ, ಇಂಪ್ಲಾಂಟ್, ಪರೀಕ್ಷೆ, ಐಸಿಯು ಬಾಡಿಗೆಗೆ ಈ ಕಡಿತ ಹಾಕುವಂತಿಲ್ಲ. ಹಾಕಿದ್ದರೆ ಅದು ತಕರಾರು ಮಾಡಬಹುದಾದ ವಿಷಯ, ಸೆಟಲ್‌ಮೆಂಟ್ ಪತ್ರವನ್ನು ಸಾಲು ಸಾಲಾಗಿ ಓದಿ.

ಎರಡು ಮೂರು ಇದ್ದಾಗ

ಅಮೆರಿಕದಲ್ಲಿ ತಂದೆ ತಾಯಿ ಇಬ್ಬರದ್ದೂ ವಿಮೆ ಇದ್ದರೆ ಮಗುವಿನ ಬಿಲ್ಲು ಮೊದಲು ಯಾರ ಪಾಲಿಸಿಗೆ ಅನ್ನೋದನ್ನು ಸಾಮಾನ್ಯವಾಗಿ ಅವರ ಹುಟ್ಟುಹಬ್ಬ ತೀರ್ಮಾನಿಸುತ್ತದೆ. ವರ್ಷದಲ್ಲಿ ಯಾರದ್ದು ಮೊದಲು ಬರುತ್ತದೋ ಅವರದ್ದು. ನಮ್ಮಲ್ಲಿ ಆ ಗೋಜಿಲ್ಲ. ಖಾಸಗಿ ಪಾಲಿಸಿಗಳ ಮಟ್ಟಿಗೆ ಆಯ್ಕೆ ಪೂರ್ತಿ ನಿಮ್ಮದು. "ಮೊದಲು ಇನ್ನೊಂದು ಕಂಪನಿಗೆ ಹೋಗಿ" ಅಂತ ಯಾರೂ ತಳ್ಳುವಂತಿಲ್ಲ. 2024ರ ಮೇ 29ರ ಐಆರ್‌ಡಿಎಐ ಸುತ್ತೋಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ನೀವು ಆರಿಸಿಕೊಂಡ ಮೊದಲ ಕಂಪನಿಯ ಮೊತ್ತ ಸಾಲದಿದ್ದರೆ, ಉಳಿದದ್ದನ್ನು ಎರಡನೆಯ ಕಂಪನಿಯಿಂದ ಇತ್ಯರ್ಥ ಮಾಡಿಸುವ ಸಮನ್ವಯದ ಹೊಣೆ ಆ ಮೊದಲ ಕಂಪನಿಯದ್ದು.

ಮೂಲ ನಿಯಮ ಇಷ್ಟು. ಖರ್ಚು ತುಂಬಿಕೊಡುವ ಪಾಲಿಸಿಗಳು ಎಷ್ಟೇ ಇರಲಿ, ಒಟ್ಟು ಸಿಗುವುದು ಬಿಲ್ಲಿಗಿಂತ ಹೆಚ್ಚಾಗುವುದಿಲ್ಲ. ಗೊತ್ತುಪಡಿಸಿದ ಮೊತ್ತ ಕೊಡುವ ಪಾಲಿಸಿಗಳು, ಅಂದ್ರೆ ದಿನಕ್ಕೆ ಇಷ್ಟು ಅಂತ ಕೊಡುವ ಹಾಸ್ಪಿಟಲ್ ಕ್ಯಾಶ್, ಕ್ರಿಟಿಕಲ್ ಇಲ್‌ನೆಸ್, ಅಪಘಾತ ವಿಮೆ, ಬಿಲ್ಲಿಗೆ ಸಂಬಂಧವಿಲ್ಲದೆ ಪ್ರತಿಯೊಂದೂ ಬೇರೆ ಬೇರೆಯಾಗಿ ಕೊಡಬೇಕು. ಆಯುಷ್ಮಾನ್ ಕಾರ್ಡಿನಲ್ಲಿ ಪುಕ್ಕಟೆ ಚಿಕಿತ್ಸೆ ಆದವರಿಗೆ ಖರ್ಚೇ ಇಲ್ಲದ್ದರಿಂದ ಮೊದಲ ಬಗೆಯ ಪಾಲಿಸಿಯಿಂದ ಏನೂ ಬರುವುದಿಲ್ಲ. ಆದರೆ ಬ್ಯಾಂಕಿನವರು ಸಾಲದ ಜೊತೆ ಹಾಸ್ಪಿಟಲ್ ಕ್ಯಾಶ್ ಅಂಟಿಸಿದ್ದರೆ ಡಿಸ್ಚಾರ್ಜ್ ಸಮರಿಯ ಮೇಲೆ ಅದನ್ನು ಕೇಳಬಹುದು. ಸ್ವಸಹಾಯ ಸಂಘ, ಮೈಕ್ರೋಫೈನಾನ್ಸ್ ಸಾಲ ಇರುವ ಮನೆಗಳು ಪಾಸ್‌ಬುಕ್ ತೆಗೆದು ಯಾವ ಪ್ರೀಮಿಯಂ ಕಡಿತವಾಗುತ್ತಿದೆ ಅಂತ ಒಮ್ಮೆ ನೋಡಲಿ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ (ವರ್ಷಕ್ಕೆ 20 ರೂಪಾಯಿ) ಮತ್ತು ಜೀವನ್ ಜ್ಯೋತಿ (436 ರೂಪಾಯಿ) ಇದಕ್ಕೆ ಅಪವಾದ. ಮೂರು ಬ್ಯಾಂಕಿನಲ್ಲಿ ಕಡಿತವಾದರೂ ಸಿಗುವುದು ಒಂದೇ 2 ಲಕ್ಷ, ಉಳಿದ ಪ್ರೀಮಿಯಂ ಹೋಯಿತು ಅಂತಲೇ. ಒಂದನ್ನು ಉಳಿಸಿ ಬೇರೆಯದನ್ನು ನಿಲ್ಲಿಸಿ.

ಲೆಕ್ಕ ಹೀಗೆ. ಅವ್ವನ ಬಿಲ್ಲು 4,20,000. ಮಗನ ಕಂಪನಿಯ ಪಾಲಿಸಿ 3 ಲಕ್ಷದ್ದು. ಜೊತೆಗೆ ಅವನು ಅವ್ವನ ಹೆಸರಲ್ಲಿ, 3 ಲಕ್ಷದ ಕಡಿತ ಇರುವ ಸೂಪರ್ ಟಾಪ್‌ಅಪ್ ಮಾಡಿಸಿದ್ದಾನೆ. ಗ್ಲೌಸ್, ಹತ್ತಿ, ನೋಂದಣಿ ಶುಲ್ಕ ಇತ್ಯಾದಿ 20,000 ಯಾರೂ ಕೊಡುವುದಿಲ್ಲ. ಕಂಪನಿ ಪಾಲಿಸಿಯಿಂದ 3,00,000, ಟಾಪ್‌ಅಪ್‌ನಿಂದ 1,00,000, ಕೈಯಿಂದ 20,000. ಬರೀ 'ಟಾಪ್‌ಅಪ್' ಮತ್ತು 'ಸೂಪರ್ ಟಾಪ್‌ಅಪ್' ಒಂದೇ ಅಲ್ಲ. ವರ್ಷದಲ್ಲಿ ಎರಡು ಸಲ ತಲಾ 2 ಲಕ್ಷದ ದಾಖಲಾತಿ ಆಯಿತು ಅನ್ನಿ: ಟಾಪ್‌ಅಪ್ ಪ್ರತಿ ಬಿಲ್ಲನ್ನೂ ಬೇರೆ ನೋಡಿ ಸೊನ್ನೆ ಕೊಡುತ್ತದೆ, ಸೂಪರ್ ಎರಡನ್ನೂ ಕೂಡಿಸಿ 1 ಲಕ್ಷ ಕೊಡುತ್ತದೆ. ಮೂಲ ಬಿಲ್ಲುಗಳು ಮೊದಲ ಕಂಪನಿಗೆ ಹೋಗುತ್ತವೆ. ಕೊಡುವ ಮುನ್ನ ಎಲ್ಲದರ ದೃಢೀಕೃತ ಪ್ರತಿ ಆಸ್ಪತ್ರೆಯಿಂದ ಪಡೆದಿಡಿ. ಎರಡನೆಯವರಿಗೆ ಅದು ಮತ್ತು ಮೊದಲನೆಯವರ ಸೆಟಲ್‌ಮೆಂಟ್ ಪತ್ರ ಸಾಕು.

ಎಪಿಎಲ್ ಕಾರ್ಡಿನವರು ಶೇ 30 ಸರ್ಕಾರದಿಂದ ಪಡೆದು ಶೇ 70 ಕೈಯಿಂದ ಕಟ್ಟಿದರೆ, ಆ 70 ನಿಮ್ಮ ನಿಜವಾದ ಖರ್ಚು. ಖಾಸಗಿ ಪಾಲಿಸಿ ಇದ್ದರೆ ಆ ರಸೀದಿ ಮತ್ತು ವಿವರವಾದ ಬಿಲ್ಲಿನ ಮೇಲೆ ಕ್ಲೇಮ್ ಹಾಕಿ.

ರಸ್ತೆ ಅಪಘಾತಕ್ಕೆ ದಾರಿ ಬೇರೆ. ರಾಷ್ಟ್ರೀಯ ಹೆದ್ದಾರಿ 50 ಇಳಕಲ್, ಹುನಗುಂದದ ಮೇಲೇ ಹಾದು ಹೋಗುತ್ತದೆ, ಆದ್ದರಿಂದ ಇದು ದೂರದ ಮಾತಲ್ಲ. 2025ರ ಮೇಯಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಅಪಘಾತವಾದ ದಿನದಿಂದ 7 ದಿನದವರೆಗೆ, ಒಬ್ಬರಿಗೆ 1.5 ಲಕ್ಷದವರೆಗೆ. ಇದಕ್ಕೆ ರೇಷನ್ ಕಾರ್ಡಿನ ಬಣ್ಣ ಬೇಕಿಲ್ಲ. ನಿಮ್ಮ ಪಾಲಿಸಿಯ ಮೊತ್ತ ಮುಟ್ಟುವ ಮೊದಲು ಇದನ್ನು ಕೇಳಿ.

ಮಗನ ಕೆಲಸ ಹೋದರೆ? ಕಂಪನಿ ಬಿಡುವ ಮುನ್ನವೇ ಅದೇ ವಿಮಾ ಕಂಪನಿಗೆ ಬರೆದು, ಗುಂಪು ಪಾಲಿಸಿಯಿಂದ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳಬೇಕು. ಅಲ್ಲಿ ಕಳೆದ ವರ್ಷಗಳು ಕಾಯುವ ಅವಧಿಗೆ ಜಮೆ ಆಗುತ್ತವೆ. ಕೇಳದೆ ಬಿಟ್ಟು ಆರು ತಿಂಗಳ ಮೇಲೆ ಹೊಸ ಪಾಲಿಸಿ ತಗೊಂಡರೆ ಅವ್ವನ ಮಂಡಿಗೆ ಮೂರು ವರ್ಷ ಮೊದಲಿನಿಂದ ಎಣಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಶೇ 18ರ ಜಿಎಸ್‌ಟಿ ಇಲ್ಲ, ಅದೊಂದು ಸಮಾಧಾನ. ಜೊತೆಗೆ ಅವನ ಆದಾಯ ನಿಂತ ಮೇಲೆ ಬಿಪಿಎಲ್, ಯಶಸ್ವಿನಿ ಎರಡಕ್ಕೂ ಮನೆ ಮತ್ತೆ ಅರ್ಹ ಆಗಬಹುದು. ಆದರೆ ಒಂದಕ್ಕೆ ಹೊಸ ಅರ್ಜಿ, ಇನ್ನೊಂದಕ್ಕೆ ನೋಂದಣಿಯ ಬಾಗಿಲು ತೆರೆಯುವವರೆಗೆ ಕಾಯಬೇಕು. ಕೆಲಸ ಹೋಗೋದಕ್ಕೆ ಮಾತ್ರ ಒಂದು ಇಮೇಲ್ ಸಾಕು.

ತಿರಸ್ಕಾರ ಆದ ಮೇಲೆ

ಖಾಸಗಿ ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಯಾವ ಷರತ್ತಿನಡಿ ಅಂತ ಲಿಖಿತವಾಗಿ ತಿಳಿಸಬೇಕು, ಮತ್ತು ಅದು ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಆಗುವಂತಿಲ್ಲ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದಾಖಲಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ. ಆನ್‌ಲೈನ್‌ನಲ್ಲೇ ಆಗುತ್ತದೆ, ಶುಲ್ಕ ಇಲ್ಲ, 50 ಲಕ್ಷದವರೆಗಿನ ವಿವಾದ ನೋಡುತ್ತಾರೆ. ಆದೇಶವನ್ನು 30 ದಿನದಲ್ಲಿ ಪಾಲಿಸದ ಕಂಪನಿ ದಿನಕ್ಕೆ 5,000 ರೂಪಾಯಿ ದೂರುದಾರರಿಗೆ ಕೊಡಬೇಕು. ಇದು ಬೇಡ ಅಂದ್ರೆ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗ ಇದೆ, ಎರಡು ವರ್ಷದೊಳಗೆ ಹೋಗಬೇಕು, ಕಟ್ಟಿದ ಪ್ರೀಮಿಯಂ 5 ಲಕ್ಷದೊಳಗಿದ್ದರೆ ಅಲ್ಲೂ ಶುಲ್ಕ ಇಲ್ಲ.

ಈಗ ಆ ಬಿಪಿಎಲ್ ಕಾರ್ಡಿನ ಮನೆಗೆ ವಾಪಸ್ ಬನ್ನಿ. ಟ್ರಸ್ಟ್ ವಿಮಾ ಕಂಪನಿ ಅಲ್ಲ ಅಂತ ಮೊದಲೇ ಹೇಳಿದೆ. ಹಾಗಾಗಿ ಐಆರ್‌ಡಿಎಐ ನಿಯಮ ಇಲ್ಲಿಗೆ ಹತ್ತುವುದಿಲ್ಲ, ಓಂಬುಡ್ಸ್‌ಮನ್ ಇಲ್ಲ, ದಿನಕ್ಕೆ 5,000ದ ದಂಡ ಇಲ್ಲ. ರೆಫರಲ್ ಬರೆದುಕೊಡದಿದ್ದರೆ, ಪೂರ್ವಾನುಮತಿ ಬರದಿದ್ದರೆ, ಕಾರ್ಡು ರಾತ್ರೋರಾತ್ರಿ ಎಪಿಎಲ್ ಆದರೆ ಇರುವುದು 104, ಟ್ರಸ್ಟಿನ ದೂರು ವಿಭಾಗ, ಜಿಲ್ಲಾ ಆರೋಗ್ಯಾಧಿಕಾರಿ ಮತ್ತು ಮಾಹಿತಿ ಹಕ್ಕಿನ ಅರ್ಜಿ. ಪ್ರೀಮಿಯಂ ಕಟ್ಟುವ ಮಗನಿಗೆ ತಿರಸ್ಕಾರದ ಕಾರಣ ಲಿಖಿತವಾಗಿ ಬರುತ್ತದೆ, ಅವ್ವನಿಗೆ ಕೌಂಟರಿನಲ್ಲಿ "ಆಗೋದಿಲ್ರಿ" ಅಂತ ಬಾಯಿಮಾತಿನಲ್ಲಿ ಸಿಗುತ್ತದೆ. ಆ "ಆಗೋದಿಲ್ಲ"ವನ್ನು ಬರೆದುಕೊಡಿ ಅಂತ ಕೇಳಿ. ಕೊಡದಿದ್ದರೆ ದಿನಾಂಕ, ಹೊತ್ತು, ಹೇಳಿದವರ ಹುದ್ದೆ ನೀವೇ ಬರೆದು, ಆಸ್ಪತ್ರೆಯ ಒಳಗಿನಿಂದಲೇ 104ಕ್ಕೆ ಫೋನ್ ಮಾಡಿ ದೂರಿನ ನಂಬರ್ ಪಡೆಯಿರಿ. ಮುಂದೆ ಯಾರ ಬಾಗಿಲಿಗೆ ಹೋದರೂ ಮೊದಲು ಕೇಳುವುದು ಆ ನಂಬರನ್ನೇ.